ದುಬೈಯಲ್ಲಿ ಮನೆ: ಕೊಂಡದ್ದು ಯಾವಾಗ ನಮ್ಮದಾಗುತ್ತದೆ?

ಮಾನ್ಯರೇ,

ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳಿಗೆ ದುಬೈ ದುಡಿಮೆಯ ಊರಾಗಿ ತಲೆಮಾರುಗಳೇ ಕಳೆದಿವೆ. ಅಲ್ಲಿ ಗಳಿಸಿದ್ದನ್ನು ತಂದು ಊರಿನ ಹಂಚಿನ ಮನೆಯನ್ನು ತಾರಸಿ ಮನೆಯಾಗಿಸುವುದು ಹಿಂದಿನ ರೂಢಿ. ಅಲ್ಲಿಯೇ ಒಂದು ಫ್ಲ್ಯಾಟ್ ಕೊಳ್ಳುವುದು ಈಚಿನದು. ಕೊಳ್ಳಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಕೊಂಡ ಮನೆ ಕಾನೂನಿನ ದೃಷ್ಟಿಯಲ್ಲಿ ಯಾವಾಗ ನಮ್ಮದಾಗುತ್ತದೆ, ಅದನ್ನು ಮಾರಿ ಹೊರಬರುವ ದಾರಿಯಲ್ಲಿ ಏನೇನು ಎದುರಾಗುತ್ತದೆ ಎಂಬುದಷ್ಟೇ ನನ್ನ ವಿಷಯ.

ವಿದೇಶೀಯರಿಗೆ ಫ್ರೀಹೋಲ್ಡ್, ಅಂದರೆ ಅವಧಿಯ ಮಿತಿಯಿಲ್ಲದ ಪೂರ್ಣ ಮಾಲೀಕತ್ವದ, ಮನೆಗಳ ಮಾರಾಟ ದುಬೈಯಲ್ಲಿ 2002ರಲ್ಲಿಯೇ ಶುರುವಾಯಿತು. ಅದಕ್ಕೆ ಆಧಾರವಾದ ನೋಂದಣಿ ಕಾನೂನು, ಅಂದರೆ 2006ರ 7ನೇ ಕಾನೂನು, ಬಂದದ್ದು ನಾಲ್ಕು ವರ್ಷ ತಡವಾಗಿ. ಆ ಕಾನೂನಿನ 4ನೇ ವಿಧಿಯ ಪ್ರಕಾರ ವಿದೇಶೀಯರು ಕೊಳ್ಳಬಹುದಾದದ್ದು ಆಡಳಿತವು ಗುರುತಿಸಿದ ಪ್ರದೇಶಗಳಲ್ಲಿ ಮಾತ್ರ. ದುಬೈ ಮರೀನಾ, ಪಾಮ್ ಜುಮೇರಾ ಆ ಪಟ್ಟಿಯಲ್ಲಿವೆ. ನಮ್ಮವರು ಬಾಡಿಗೆಗೆ ಇದ್ದು ಬದುಕು ಕಟ್ಟಿಕೊಂಡ ಹಳೆಯ ಬಡಾವಣೆಗಳು ಬಹುಮಟ್ಟಿಗೆ ಇಲ್ಲ.

ಇಲ್ಲಿ ನಮ್ಮ ಅಭ್ಯಾಸವೊಂದು ಅಡ್ಡ ಬರುತ್ತದೆ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕರ್ನಾಟಕದ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗುವುದು ಕ್ರಯಪತ್ರ. ಮಾರಿದವರಿಗೆ ಮಾರುವ ಹಕ್ಕು ಇತ್ತೇ ಎಂಬುದಕ್ಕೆ ಆ ಕಚೇರಿ ಹೊಣೆಯಲ್ಲ. ಮೂಲಪತ್ರ, ಋಣಭಾರ ಪ್ರಮಾಣಪತ್ರ, ಖಾತೆಗಳನ್ನು ತಿರುವಿ ಹಾಕಿ ನಾವೇ ಖಚಿತಪಡಿಸಿಕೊಳ್ಳಬೇಕು. ಹೀಗಾಗಿ ಕೈಯಲ್ಲಿರುವ ಕಾಗದದ ಕಟ್ಟು ದಪ್ಪವಾದಷ್ಟೂ ನಮಗೆ ಧೈರ್ಯ. ದುಬೈಯಲ್ಲಿ ಭೂ ಇಲಾಖೆಯ ದಾಖಲೆಯೇ ಹಕ್ಕಿನ ಆಧಾರ. ವಂಚನೆಯನ್ನು ಸಾಬೀತುಪಡಿಸಿದ ಹೊರತು ಅದನ್ನು ಪ್ರಶ್ನಿಸಲು ಆಗದು. ಇದು ಕೊಳ್ಳುವವರಿಗೆ ದೊಡ್ಡ ರಕ್ಷಣೆ. ಆದರೆ ಅದೇ ಕಾರಣಕ್ಕೆ, ಬಿಲ್ಡರ್ ಸಹಿ ಮಾಡಿದ ಒಪ್ಪಂದ, ಹಣ ಕಟ್ಟಿದ ರಸೀದಿಗಳು ಎಷ್ಟಿದ್ದರೂ ದಾಖಲೆಯಲ್ಲಿ ಹೆಸರು ಏರದಿದ್ದರೆ ಮಾಲೀಕತ್ವ ಇಲ್ಲ.

ಕಟ್ಟುತ್ತಿರುವ ಕಟ್ಟಡದಲ್ಲಿ ಕಂತಿನ ಮೇಲೆ ಕೊಳ್ಳುವವರು ಇದನ್ನು ಇನ್ನೂ ಎಚ್ಚರದಿಂದ ಗಮನಿಸಬೇಕು. 2008ರ 13ನೇ ಕಾನೂನಿನಂತೆ ಇಂಥ ಮಾರಾಟಗಳಿಗೆ ತಾತ್ಕಾಲಿಕ ನೋಂದಣಿ ಇದೆ. ಅಲ್ಲಿ ಎಲ್ಲರೂ ಅದನ್ನು ‘ಉಕೂದ್’ ಎನ್ನುತ್ತಾರೆ. ಅದರಲ್ಲಿ ದಾಖಲಾಗದ ಮಾರಾಟ ಅಸಿಂಧು. ಆ ಕಾನೂನು ಬಂದ ವರ್ಷದ ಕೊನೆಯಲ್ಲೇ ಜಗತ್ತಿನ ಹಣಕಾಸು ಬಿಕ್ಕಟ್ಟು ದುಬೈಗೂ ತಟ್ಟಿತು. ಶೇ. 10ರಷ್ಟು ಮುಂಗಡ ಕೊಟ್ಟು, ಮುಂದಿನ ಕಂತು ಬರುವ ಮೊದಲೇ ಇನ್ನೊಬ್ಬರಿಗೆ ಲಾಭಕ್ಕೆ ದಾಟಿಸುವ ಲೆಕ್ಕದಲ್ಲಿ ಕೊಂಡಿದ್ದವರು, ದಾಟಿಸಲು ಆಳಿಲ್ಲದೆ, ಕಂತು ಕಟ್ಟಲು ಹಣವಿಲ್ಲದೆ ನಿಂತುಬಿಟ್ಟರು. 2007ರ 8ನೇ ಕಾನೂನು ಕೊಳ್ಳುವವರ ಹಣ ಆಯಾ ಯೋಜನೆಯ ಎಸ್ಕ್ರೋ ಖಾತೆಗೇ (ಆ ಕಟ್ಟಡದ ಕೆಲಸಕ್ಕೆಂದೇ ಮೀಸಲಿಟ್ಟ ಬ್ಯಾಂಕ್ ಖಾತೆಗೇ) ಹೋಗಬೇಕೆಂದು ವಿಧಿಸಿದೆ. ಕಂತಿನ ಹಣ ಬೇರೆ ಯಾವುದೇ ಖಾತೆಗೆ ಹಾಕಿರೆಂದು ಯಾರೇ ಹೇಳಲಿ, ಎಷ್ಟೇ ಪರಿಚಿತರಿರಲಿ, ಒಪ್ಪಕೂಡದು. ಕಂತು ತಪ್ಪಿದರೆ ಕಾನೂನು ಬಿಲ್ಡರ್ ಪರವಾಗಿಯೂ ಮಾತನಾಡುತ್ತದೆ: ಕಾಮಗಾರಿ ಶೇ. 80 ದಾಟಿದ್ದರೆ, 30 ದಿನಗಳ ನೋಟಿಸಿನ ನಂತರ ಮನೆಯ ಬೆಲೆಯ ಶೇ. 40ರವರೆಗೂ ಆತ ಉಳಿಸಿಕೊಳ್ಳಬಹುದು.

ಇನ್ನು ಮರುಮಾರಾಟ. ಮನೆ ಪೂರ್ತಿಯಾಗುವ ಮೊದಲು ಮಾರಬೇಕಾದರೆ ಬಿಲ್ಡರ್ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಬೆಲೆಯ ಇಂತಿಷ್ಟು ಪಾಲು ಕಟ್ಟಿದ ಮೇಲೆಯೇ ಅದನ್ನು ಕೊಡುವುದೆಂದು ಒಪ್ಪಂದದಲ್ಲಿ ಬರೆದಿರುತ್ತದೆ. ಕೊಳ್ಳುವ ದಿನ ಅತ್ಯಂತ ಗಮನವಿಟ್ಟು ಓದಬೇಕಾದ ಸಾಲು ಅದು. ಮನೆ ಪೂರ್ತಿಯಾದ ಮೇಲೂ ಎನ್‌ಒಸಿ ಬೇಕು. ನಿರ್ವಹಣಾ ಶುಲ್ಕದ ಬಾಕಿ ತೀರದೆ ಅದು ಸಿಗದು. ಸಾಮಾನ್ಯ ಕ್ರಮ ಹೀಗೆ: ಮೊದಲು ಮಾರುವವರು, ಕೊಳ್ಳುವವರ ನಡುವೆ ‘ಫಾರ್ಮ್ ಎಫ್’ ಎಂಬ ಒಪ್ಪಂದಕ್ಕೆ ಸಹಿ, ಸಾಮಾನ್ಯವಾಗಿ ಶೇ. 10ರ ಠೇವಣಿ ಚೆಕ್, ಆ ಬಳಿಕ ಎನ್‌ಒಸಿ, ಕೊನೆಗೆ ಭೂ ಇಲಾಖೆಯ ಮಾನ್ಯತೆ ಪಡೆದ ಟ್ರಸ್ಟಿ ಕಚೇರಿಯಲ್ಲಿ ವರ್ಗಾವಣೆ.

ಖರ್ಚಿನ ಲೆಕ್ಕವನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಹಾಕಿ ನೋಡೋಣ. ಹತ್ತು ಲಕ್ಷ ದಿರ್ಹಮ್‌ನ ಮನೆ. ವರ್ಗಾವಣೆ ಶುಲ್ಕ 2013ರಲ್ಲಿ ಶೇ. 2ರಿಂದ ಶೇ. 4ಕ್ಕೆ ಏರಿತು, ಕಾನೂನಿನಲ್ಲಿ ಇಬ್ಬರಿಗೂ ಪಾಲು ಇದ್ದರೂ ರೂಢಿಯಲ್ಲಿ ಪೂರ್ತಿ ಕೊಡುವವರು ಕೊಳ್ಳುವವರೇ, ಅಂದರೆ 40,000. ದಲ್ಲಾಳಿಗೆ ಶೇ. 2 ಮತ್ತು ವ್ಯಾಟ್ ಸೇರಿ 21,000. ಟ್ರಸ್ಟಿ ಕಚೇರಿಗೆ ವ್ಯಾಟ್ ಸೇರಿ 4,200. ಮಾರುವಾಗ ಮತ್ತೆ ದಲ್ಲಾಳಿ, ಮತ್ತೆ ಎನ್‌ಒಸಿ. ಬೆಲೆ ಸುಮಾರು ಶೇ. 9ರಷ್ಟು ಏರಿದರೆ ಮಾತ್ರ ಹಾಕಿದ ಹಣ ಹಾಕಿದಷ್ಟೇ ಕೈಸೇರುತ್ತದೆ. ವರ್ಷದೊಳಗೆ ಮಾರಿ ಲಾಭ ಮಾಡಿಕೊಡುತ್ತೇವೆಂಬ ಮಾತು ಕೇಳಿದಾಗಲೆಲ್ಲ ಈ ಲೆಕ್ಕ ನೆನಪಿರಲಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಊರಿಗೆ ಮರಳಿದವರಿಗೆ ಇನ್ನೊಂದು ಕಷ್ಟವಿದೆ. ಮಾರಲು ತಾವೇ ಹೋಗಲಾಗದಿದ್ದರೆ ಅಧಿಕಾರಪತ್ರ ಕೊಡಬೇಕು. ಅದು ನೋಟರಿ, ರಾಜ್ಯ ಸರ್ಕಾರ, ನಮ್ಮ ವಿದೇಶಾಂಗ ಸಚಿವಾಲಯ, ಎಮಿರೇಟ್ಸ್ ರಾಯಭಾರ ಕಚೇರಿ, ಅಲ್ಲಿನ ವಿದೇಶಾಂಗ ಸಚಿವಾಲಯ ಹೀಗೆ ಮುದ್ರೆಯ ಮೇಲೆ ಮುದ್ರೆ ಬಿದ್ದು, ಅರಬ್ಬಿಗೆ ಅನುವಾದವಾಗಬೇಕು. ವಾರಗಳು ಹಿಡಿಯುವ ಕೆಲಸವಿದು. ಗಿರಾಕಿ ಅಷ್ಟು ದಿನ ಕಾಯುತ್ತಾರೆಂಬ ಖಾತರಿಯಿಲ್ಲ.

ಭಾರತದ ಕಾನೂನಿಗೆ ಬಂದರೆ, ಇಲ್ಲಿ ನೆಲೆಸಿದವರು ಹೊರಗೆ ಕಳುಹಿಸಬಹುದಾದದ್ದು ಹಣಕಾಸು ವರ್ಷಕ್ಕೆ 2,50,000 ಡಾಲರ್. ಆಸ್ತಿಗಾಗಿ ಕಳುಹಿಸಿದ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದರೆ ಮೀರಿದ್ದರ ಮೇಲೆ ಬ್ಯಾಂಕು ಶೇ. 20 ತೆರಿಗೆ ಮುಂಗಡವಾಗಿ ಹಿಡಿಯುತ್ತದೆ, ರಿಟರ್ನಿನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಆ ಮನೆಯನ್ನು ರಿಟರ್ನಿನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ಪ್ರತಿವರ್ಷ ತೋರಿಸಲೇಬೇಕು. ಬಚ್ಚಿಟ್ಟರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡವಿದೆ. ಕೊಲ್ಲಿಯಲ್ಲಿ ದುಡಿಯುತ್ತಿದ್ದಾಗ ಕೊಂಡವರ ಸ್ಥಿತಿ ಬೇರೆ: ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯ 6(4)ನೇ ಕಲಮು, ಅನಿವಾಸಿಯಾಗಿದ್ದಾಗ ಗಳಿಸಿದ ಆಸ್ತಿಯನ್ನು ಊರಿಗೆ ಮರಳಿ ನೆಲೆಸಿದ ಮೇಲೂ ಇಟ್ಟುಕೊಳ್ಳಲು, ಮಾರಲು ಅವಕಾಶ ಕೊಡುತ್ತದೆ. ಆದರೆ ಕೊಂಡಾಗ ತಾವು ಅನಿವಾಸಿಯಾಗಿದ್ದುದನ್ನು ತೋರಿಸಬೇಕಾದವರು ಅವರೇ. ಆದ್ದರಿಂದ ಆ ಕಾಲದ ವೀಸಾ ಪುಟದ ಪ್ರತಿ, ಸಂಬಳ ಬಂದ ಹಾಗೂ ಕಂತು ಹೋದ ಬ್ಯಾಂಕ್ ಖಾತೆಯ ವಿವರ, ಉಕೂದ್ ಪ್ರತಿ, ಇವೆಲ್ಲವನ್ನೂ ಟೈಟಲ್ ಡೀಡ್ (ಭೂ ಇಲಾಖೆ ಕೊಡುವ ಮಾಲೀಕತ್ವದ ಪತ್ರ) ಜೊತೆಗೇ ಕಟ್ಟಿ, ಎಲ್ಲಿಟ್ಟಿದ್ದೇವೆಂಬುದನ್ನು ಮನೆಯವರಿಗೂ ಹೇಳಿಡಬೇಕು.