ಮಾತ್ರೆ ನುಂಗಿದರೆ ಸಾಲದು, ಅದನ್ನು ಒಳಗೆ ಬಿಡಬೇಕಲ್ಲ!

ಕೇಳುಗರಿಗೆ ನಮಸ್ಕಾರ. ಮಾತ್ರೆ ಹೊಟ್ಟೆಗೆ ಹೋದರೆ ಮೈಯೆಲ್ಲ ತಾನಾಗಿ ಹರಡುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಕರುಳು, ಲಿವರ್, ಕಿಡ್ನಿ, ಮಿದುಳಿನ ರಕ್ತನಾಳ, ಎಲ್ಲ ಕಡೆ ಜೀವಕೋಶದ ಹೊರಪದರದಲ್ಲಿ ಸಾಗಣೆ ಪ್ರೋಟೀನುಗಳು ಕಾವಲುಗಾರರ ಹಾಗೆ ಕೂತಿವೆ. ಕೆಲವು ಔಷಧಿಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಕೆಲವು ಹೊರಕ್ಕೆ ತಳ್ಳುತ್ತವೆ. ಬಿಡೋದು, ತಡೆಯೋದು ಅವುಗಳ ಕೈಲಿದೆ. ಇದೊಂದು ನೆನಪಿಟ್ಟುಕೊಳ್ಳಿ, ಮಿಕ್ಕಿದ್ದು ಮರೆತರೂ ಪರವಾಗಿಲ್ಲ.

ಹೊರಕ್ಕೆ ತಳ್ಳುವವರಲ್ಲಿ ದೊಡ್ಡಣ್ಣ ಅಂದರೆ ಪಿ-ಗ್ಲೈಕೋಪ್ರೋಟೀನ್. 1976ರಲ್ಲಿ ಪತ್ತೆಯಾಯಿತು. ಇದರ ಕಥೆಯೊಂದನ್ನು ಹೇಳದೆ ನಾನು ಮುಂದೆ ಹೋಗೋನಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಜ್ಞಾನಿ ಆಲ್ಫ್ರೆಡ್ ಶಿಂಕೆಲ್ ಮತ್ತವರ ಜೊತೆಗಾರರು ಈ ಪ್ರೋಟೀನಿನ ಒಂದು ಜೀನ್ ತೆಗೆದುಹಾಕಿದ ಇಲಿಗಳನ್ನು ಸಾಕಿದ್ದರು. ನೋಡಿದರೆ ಏನೂ ವ್ಯತ್ಯಾಸವಿಲ್ಲ. ಚೆನ್ನಾಗಿ ತಿನ್ನುತ್ತಿದ್ದವು, ಓಡಾಡಿಕೊಂಡಿದ್ದವು, ಮರಿ ಹಾಕುತ್ತಿದ್ದವು. ಹಾಗಾದರೆ ಈ ಪ್ರೋಟೀನ್ ಇರೋದಾದರೂ ಯಾತಕ್ಕೆ? ಅಷ್ಟರಲ್ಲಿ ಇಲಿಗಳಿಗೆ ನುಸಿ ಹತ್ತಿತು. ನುಸಿಗೆ ಐವರ್‌ಮೆಕ್ಟಿನ್ ಸಿಂಪಡಿಸೋದು ಮಾಮೂಲಿ, ಸಿಂಪಡಿಸಿದರು. ಉಳಿದ ಇಲಿಗಳು ಆರಾಮಾಗಿದ್ದವು, ಜೀನ್ ಇಲ್ಲದ ಇಲಿಗಳು ಮಾತ್ರ ಸಾಯತೊಡಗಿದವು! ಆಮೇಲೆ ಅಳೆದು ನೋಡಿದರೆ, ಅವುಗಳ ಮಿದುಳಿನಲ್ಲಿ ಆ ಔಷಧಿ ಮಾಮೂಲಿ ಇಲಿಗಳಿಗಿಂತ 80 ಪಟ್ಟಿಗೂ ಜಾಸ್ತಿ ಸೇರಿತ್ತು. ಅದೇ ಔಷಧಿ, ಅದೇ ಸಿಂಪಡಣೆ, ತಡೆಯೋರು ಇರಲಿಲ್ಲ ಅಷ್ಟೆ. 1994ರಲ್ಲಿ ಇದು ಪ್ರಕಟವಾಯಿತು. ಕುರಿ ಕಾಯುವ ‘ಕಾಲಿ’ ಅನ್ನೋ ತಳಿಯ ಎಷ್ಟೋ ನಾಯಿಗಳಿಗೆ ಹುಟ್ಟಿನಿಂದಲೇ ಈ ಕೊರತೆ ಇದೆ, ಐವರ್‌ಮೆಕ್ಟಿನ್ ಡೋಸ್ ಜಾಸ್ತಿಯಾದರೆ ಅವುಗಳ ಗತಿಯೂ ಹೀಗೇ.

ಕಥೆ ಉದ್ದವಾಯಿತು, ಗೊತ್ತು. ಭೇದಿಗೆ ಕೊಡುವ ಲೋಪೆರಮೈಡ್ ಅಫೀಮಿನ ಗುಂಪಿನದೇ, ಆದರೂ ಹೇಳಿದಷ್ಟೇ ತಗೊಂಡರೆ ನಶೆ ಏರಲ್ಲ, ಯಾಕೆಂದರೆ ಮಿದುಳಿನ ಬಾಗಿಲಲ್ಲೇ ಪಿ-ಗ್ಲೈಕೋಪ್ರೋಟೀನ್ ಅದನ್ನು ವಾಪಸ್ ಕಳಿಸುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ನುಂಗುವವರು ಜೊತೆಗೆ ಎದೆಬಡಿತ ಸರಿಪಡಿಸುವ ಕ್ವಿನಿಡಿನ್ ತಗೊಂಡರೆ ಈ ಕಾವಲು ಸಡಿಲಾಗಿ ರಕ್ತದಲ್ಲಿ ಡಿಗಾಕ್ಸಿನ್ ಏರಿ ವಿಷವಾಗಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಸೇರಿದರೆ ಉಲ್ಟಾ, ಕಾವಲು ಬಿಗಿಯಾಗಿ ಡಿಗಾಕ್ಸಿನ್ ಇಳಿಯುತ್ತದೆ. ಅದಕ್ಕೇ ಡಾಕ್ಟರು ಬೇರೆ ಏನೇನು ತಗೋತಿದ್ದೀರಿ ಅಂತ ಕೇಳೋದು. ಸುಮ್ನೆ ತಲೆ ಅಲ್ಲಾಡಿಸಬೇಡಿ, ಎಲ್ಲ ಮಾತ್ರೆಗಳ ಹೆಸರು ಹೇಳಿ.

ಟೈಮ್ ಆಗಿದೆ ಅಂತ ಕೈಸನ್ನೆ ಮಾಡುತ್ತಿದ್ದಾರೆ, ಇನ್ನೊಂದೇ ಒಂದು. ಅಲರ್ಜಿಗೆ ಫೆಕ್ಸೊಫೆನಡಿನ್ ತಗೊಳ್ಳುವವರು ಅದನ್ನು ಕಿತ್ತಳೆ ಅಥವಾ ಸೇಬಿನ ರಸದ ಜೊತೆ ನುಂಗಬೇಡಿ. ಕರುಳಿನಲ್ಲಿ ಅದನ್ನು ಒಳಕ್ಕೆ ಎಳೆದುಕೊಳ್ಳುವ ಪ್ರೋಟೀನನ್ನು ಆ ರಸಗಳು ತಡೆಯುತ್ತವೆ, ಮಾತ್ರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಬರೀ ನೀರು ಸಾಕು. ನಮಸ್ಕಾರ.