ಮೊಲದ ಅಂಗಾಲಿನ ಹುಣ್ಣು: ಔಷಧಿಗಿಂತ ಮೊದಲು ನೆಲ ನೋಡಿ

ಇದು ನಮ್ಮ ಬೆಳ್ಳಿಯ ಹಿಂಗಾಲು. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಲು ಕಷ್ಟವಾದರೆ 10 ಸೆಕೆಂಡ್ ಮುಂದೆ ಓಡಿಸಿಬಿಡಿ. ಹಿಮ್ಮಡಿಯ ಹತ್ತಿರ ಕೂದಲು ಉದುರಿ ಬೋಳಾಗಿದೆ. ನಡುವೆ ಕಂದು ಬಣ್ಣದ ಹಕ್ಕಳೆ. ಸುತ್ತಲೂ ಚರ್ಮ ಕೆಂಪಗಿದೆ, ಮುಟ್ಟಿದರೆ ಬಿಸಿ. ಮೇಲಿಂದ ನೋಡಿದರೆ ಗಾಯ ಒಣಗುತ್ತಿದೆ ಅನ್ನಿಸುತ್ತದೆ, ಅಲ್ವಾ? ಒಳಗೆ ಕೀವು ತುಂಬಿದೆ. ಹಕ್ಕಳೆಯನ್ನು ಮನೆಯಲ್ಲಿ ಕಿತ್ತು ನೋಡುವ ಕೆಲಸಕ್ಕೆ ಮಾತ್ರ ಹೋಗಬೇಡಿ.

ನಾಯಿಗೂ ಬೆಕ್ಕಿಗೂ ಅಂಗಾಲಲ್ಲಿ ಮೆತ್ತನೆಯ ಗದ್ದಿ ಇರುತ್ತದೆ. ಮೊಲಕ್ಕೆ ಅದಿಲ್ಲ. ಇರುವುದು ದಟ್ಟವಾದ ಕೂದಲು ಮಾತ್ರ. ಆ ಕೂದಲು ಸವೆದರೆ ಚರ್ಮ, ಅದರ ಕೆಳಗೆ ಹೆಚ್ಚೇನೂ ಮಾಂಸವಿಲ್ಲದೆ ನೇರ ಮೂಳೆ. ತಂತಿ ಬಲೆಯ ನೆಲ, ಒದ್ದೆ ಹಾಸು, ಒರಟು ಕಾರ್ಪೆಟ್, ಜಾಸ್ತಿ ತೂಕ, ಬೆಳೆದ ಉಗುರು, ಇಡೀ ದಿನ ಗೂಡಲ್ಲೇ ಕೂರುವುದು, ಎಲ್ಲವೂ ಅದೇ ಜಾಗಕ್ಕೆ ಭಾರ ಹಾಕುತ್ತವೆ. ಉಗುರಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಉಗುರು ಉದ್ದವಾದರೆ ಬೆರಳು ಮೇಲೇಳುತ್ತವೆ, ಭಾರವೆಲ್ಲ ಹಿಮ್ಮಡಿಗೆ ಜಾರುತ್ತದೆ. ರೆಕ್ಸ್ ತಳಿಯ ಮೊಲಗಳಿಗಂತೂ ಅಂಗಾಲಿನ ಕೂದಲೇ ತೆಳು.

ಅದಕ್ಕೇ ನಾನು ಹೇಳುವುದು, ಮುಲಾಮು ಹಚ್ಚಿ ಮತ್ತೆ ಅದೇ ನೆಲದ ಮೇಲೆ ಬಿಟ್ಟರೆ ಏನೂ ಪ್ರಯೋಜನವಿಲ್ಲ. ಪಾಪ, ಅದು ತನ್ನ ಗಾಯದ ಮೇಲೆಯೇ ದಿನವಿಡೀ ನಿಂತಿರುತ್ತದೆ. ಈಗ ಬೆಳ್ಳಿಯ ಜಾಗ ನೋಡಿ. ಕೆಳಗೆ ದಪ್ಪ ಟವೆಲ್, ಮೇಲೆ ಫ್ಲೀಸ್ ಬಟ್ಟೆ. ಮೂತ್ರ ಫ್ಲೀಸ್ ದಾಟಿ ಟವೆಲ್‌ಗೆ ಇಳಿಯುತ್ತದೆ, ಕಾಲು ಒಣಗಿರುತ್ತದೆ. ಅಂಗೈ ಒತ್ತಿ ನೋಡುತ್ತೇನೆ, ತೇವ ತಗುಲಿದರೆ ತಕ್ಷಣ ಬದಲಾವಣೆ. ಬಟ್ಟೆ ಕಡಿದು ತಿನ್ನುವ ಮೊಲವಾದರೆ ದಪ್ಪಗೆ ಹುಲ್ಲು ಹಾಸುವುದೇ ಒಳ್ಳೆಯದು.

ಇನ್ನು ಕೀವಿನ ವಿಷಯ. ಮೊಲದ ಕೀವು ನಮ್ಮದರಂತೆ ಹರಿದು ಹೋಗುವುದಿಲ್ಲ, ಟೂತ್‌ಪೇಸ್ಟ್‌ನಷ್ಟು ಗಟ್ಟಿ. ಸುಮ್ನೆ ಚುಚ್ಚಿ ಹಿಂಡಿದರೆ ಬರುವುದಿಲ್ಲ. ಡಾಕ್ಟರ್ ಅದನ್ನು ಕೊರೆದು ತೆಗೆದು ತೊಳೆಯಬೇಕು. ಕೀವಿನ ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿದರೆ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂದು ಗೊತ್ತಾಗುತ್ತದೆ. ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೊಕಾಕಸ್. ಎಕ್ಸ್‌ರೇ ಕೂಡ ಬೇಕೇ ಬೇಕು. ಸೋಂಕು ಮೂಳೆಗೆ ಇಳಿದಿದ್ದರೆ ಚಿಕಿತ್ಸೆಯ ಲೆಕ್ಕವೇ ಬೇರೆ. ಹಿಮ್ಮಡಿಯ ಹಿಂದಿನ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ, ಜಾಗ ಬಿಟ್ಟು ಪಕ್ಕಕ್ಕೆ ಸರಿದಿದ್ದರೆ ಕಾಲು ಮೊದಲಿನಂತೆ ಆಗುವುದು ಕಷ್ಟ.

ಇಲ್ಲಿ ಒಂದು ಮಾತು ದಯವಿಟ್ಟು ಕೇಳಿ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಕೊಡಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್ ಇಂಥವು ಮೊಲದ ಹೊಟ್ಟೆಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಬಿಡುವಂಥವು ಬೆಳೆಯುತ್ತವೆ. ಭೇದಿಯಾಗಿ ಜೀವವೇ ಹೋಗಬಹುದು. ಅಮಾಕ್ಸಿಸಿಲಿನ್ ಗುಂಪಿನದೇ ಆದ ಪೆನಿಸಿಲಿನ್ ಅನ್ನು ಡಾಕ್ಟರ್ ಇಂಜೆಕ್ಷನ್ ಆಗಿ ಕೊಟ್ಟರೆ ಗಾಬರಿಯಾಗಬೇಡಿ, ಜಾಸ್ತಿ ಅಪಾಯ ಬಾಯಿಯ ಮೂಲಕ ಹೋದಾಗ. ಸ್ಟೆರಾಯ್ಡ್ ಇರುವ ಮುಲಾಮೂ ಬೇಡ, ಮೊಲ ನೆಕ್ಕಿಬಿಡುತ್ತದೆ.

ನೋವಿನ ಔಷಧಿಯನ್ನು ಮರೆಯುವ ಹಾಗೇ ಇಲ್ಲ. ಬೆಳ್ಳಿಗೆ ಮೆಲಾಕ್ಸಿಕಾಮ್ ಕೊಡುತ್ತಿದ್ದೇವೆ, ಪ್ರಮಾಣ ಡಾಕ್ಟರ್ ಹೇಳಿದ್ದು. ಮೊಲ ನೋವನ್ನು ತೋರಿಸುವುದಿಲ್ಲ, ಮೂಲೆಯಲ್ಲಿ ಕೂತು ತಿನ್ನುವುದನ್ನು ಬಿಡುತ್ತದೆ. ತಿನ್ನುವುದು ನಿಂತರೆ ಕರುಳೂ ನಿಲ್ಲುತ್ತದೆ. 12 ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಕಾಲಿನ ಮಾತು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಓಡಿ.

ಬ್ಯಾಂಡೇಜ್ ಬದಲಾಯಿಸುವಾಗ ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಎದೆಗೆ ಒತ್ತಿ ಹಿಡಿದು ಸೊಂಟದ ಕೆಳಗೆ ಕೈ ಕೊಡಬೇಕು. ಹಿಂಭಾಗ ಜೋಲಾಡಿ ಜೋರಾಗಿ ಒದ್ದರೆ ಬೆನ್ನುಮೂಳೆ ಮುರಿಯಬಹುದು. ಸುತ್ತಿದ ಮೇಲೆ ಬೆರಳ ತುದಿ ನೋಡಿ. ಊದಿದ್ದರೆ, ತಣ್ಣಗಾಗಿದ್ದರೆ ಬಿಗಿ ಹೆಚ್ಚಾಗಿದೆ. ಒದ್ದೆಯಾದ ಬ್ಯಾಂಡೇಜ್ ಇದ್ದರೆ ಗಾಯ ಇನ್ನಷ್ಟು ಕೊಳೆಯುತ್ತದೆ, ಅದಕ್ಕಿಂತ ಬಿಚ್ಚಿಡುವುದೇ ವಾಸಿ. ಮತ್ತೆ, ಇನ್ನೊಂದು ಕಾಲನ್ನೂ ತಿರುಗಿಸಿ ನೋಡಿ. ನೋವಿನ ಕಾಲನ್ನು ಎತ್ತಿಕೊಂಡು ಮೊಲ ಆ ಇನ್ನೊಂದು ಕಾಲಿಗೇ ಭಾರ ಹಾಕುತ್ತಿರುತ್ತದೆ, ಅಲ್ಲೂ ಹುಣ್ಣು ಶುರುವಾಗುತ್ತದೆ.

ವಾಸಿಯಾಗಲು ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ಬೋಳಾದ ಜಾಗದಲ್ಲಿ ಕೂದಲು ಬಂದರೂ ಬಂತು, ಬರದಿದ್ದರೂ ಇಲ್ಲ. ಬರದಿದ್ದರೆ ಅಲ್ಲಿ ಚರ್ಮ ಜಡ್ಡುಗಟ್ಟಿ ನಿಲ್ಲುತ್ತದೆ, ಹಾಗಾಗಿ ಈ ಮೆತ್ತನೆ ಹಾಸನ್ನು ಇನ್ನು ತೆಗೆಯುವಂತಿಲ್ಲ.