ಹೆಣ್ಣು ಗೋಸುಂಬೆಗೆ ಹುಷಾರಿಲ್ಲ ಅಂತ ಗೊತ್ತಾಗೋದು ಹೇಗೆ? | ಮೊಟ್ಟೆ, ಮರಳು, ಮತ್ತೆ ಆ ಸುರುಳಿ ಬಲ್ಬು

ನಮಸ್ಕಾರ. ಕ್ಯಾಮೆರಾ ಓಡ್ತಾ ಇದೆ, ಇವಳು ಮಾತ್ರ ಅಲ್ಲಾಡ್ತಾ ಇಲ್ಲ. ಪರವಾಗಿಲ್ಲ, ಮಾತಾಡೋಕೆ ನಾನಿದ್ದೀನಿ. ಇದು ವೇಲ್ಡ್ ಕಮೀಲಿಯನ್ ಅನ್ನೋ ಜಾತಿಯ ಗೋಸುಂಬೆ. ಮೂಲ ಯೆಮನ್, ಮತ್ತೆ ಸೌದಿ ಅರೇಬಿಯಾದ ನೈಋತ್ಯದ ಬೆಟ್ಟಗಳು. ಅಮೆರಿಕದ ಮನೆಗಳಲ್ಲಿ ಕಾಣೋ ಸಾಕು ಗೋಸುಂಬೆ ಬಹಳ ಸಲ ಇದೇ ಜಾತಿ, ಇಲ್ಲೇ ಮೊಟ್ಟೆಯಿಂದ ಹೊರಬಂದದ್ದು. ಈಗ ಹಿಂಗಾಲು ಹತ್ತಿರದಿಂದ ತೋರಿಸ್ತಿದ್ದೀನಿ. ಗಂಡಾಗಿದ್ರೆ ಹಿಮ್ಮಡಿ ಹತ್ರ ಒಂದು ಸಣ್ಣ ಮುಳ್ಳಿನಂಥದ್ದು ಮರಿಯಿಂದಲೇ ಇರುತ್ತೆ. ಇವಳಿಗೆ ಇಲ್ಲ. ಅಂಗಡಿಯವರು ಏನೇ ಹೇಳಿರಲಿ, ಮನೆಗೆ ತಂದ ದಿನವೇ ಇದನ್ನ ನೋಡ್ಕೊಳ್ಳಿ. ಹೆಣ್ಣು ಅಂದ್ರೆ ಸಾಕೋ ಲೆಕ್ಕಾಚಾರವೇ ಬೇರೆ.

ಯಾಕೆ ಅಂದ್ರೆ, ಗಂಡಿನ ಮುಖವನ್ನೇ ನೋಡದೆ ಇವಳು ಮೊಟ್ಟೆ ಇಡ್ತಾಳೆ. ಐದಾರು ತಿಂಗಳಿಗೇ ಶುರುವಾಗಬಹುದು. ಮರಿ ಆಗದ ಬರಿ ಮೊಟ್ಟೆ, ಆದ್ರೆ ಮೈಯಿಂದ ಹೋಗೋ ಸುಣ್ಣದಂಶ ಏನೂ ಕಮ್ಮಿ ಅಲ್ಲ. ಗಂಡಿನ ಜೊತೆ ಒಂದು ಸಲ ಸೇರಿದ್ರಂತೂ ವೀರ್ಯವನ್ನ ಒಳಗೇ ಕಾಪಿಟ್ಟುಕೊಂಡು ಆಮೇಲಿನ ಕಂತುಗಳಲ್ಲೂ ಮರಿಯಾಗೋ ಮೊಟ್ಟೆ ಇಡಬಲ್ಲಳು. ದೊಡ್ಡವಳನ್ನ ಯಾರಿಂದಲಾದ್ರೂ ತಗೊಂಡ್ರೆ ಹಿಂದಿನ ಕಥೆ ಕೇಳಿ ತಿಳ್ಕೊಳ್ಳಿ.

ಈ ಪ್ಲಾಸ್ಟಿಕ್ ಡಬ್ಬಿ ನೋಡಿ. ಇದೇ ಇವತ್ತಿನ ಮುಖ್ಯ ಔಷಧಿ. ಉದ್ದ, ಅಗಲ, ಆಳ ಎಲ್ಲಾ ಕನಿಷ್ಠ ಒಂದೊಂದು ಅಡಿ. ತೊಳೆದ ಪ್ಲೇ ಸ್ಯಾಂಡ್, ಮಕ್ಕಳು ಆಡೋಕೆ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂಟೆ ಮಾರ್ತಾರಲ್ಲ, ಅದು. ಬೆಲೆ ಒಂದು ಊಟದಷ್ಟೂ ಇಲ್ಲ. ನೀರು ಹಾಕಿ ಕಲಸಿ. ಮುಷ್ಟಿಯಲ್ಲಿ ಹಿಡಿದ್ರೆ ತಂಬಿಟ್ಟಿನ ಉಂಡೆ ಹಾಗೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳೀಬಾರದು. ಬೆರಳಲ್ಲಿ ಒಂದು ಸುರಂಗ ತೋಡಿ ನೋಡಿ. ಕುಸಿದ್ರೆ ಇನ್ನೂ ಒಣಗಿದೆ. ತಳದಲ್ಲಿ ನೀರು ನಿಂತ್ರೆ ಜಾಸ್ತಿ ಆಯ್ತು. ಬರೀ ತೆಂಗಿನ ನಾರಿನ ಪುಡಿ ಹಾಕ್ತಾರೆ ಕೆಲವರು, ಸುರಂಗ ನಿಲ್ಲಲ್ಲ, ನನಗೆ ಅದು ಸರಿ ಕಾಣಲ್ಲ. ಐದನೇ ತಿಂಗಳಿಂದ ಈ ಡಬ್ಬಿ ಗೂಡಲ್ಲಿ ಕಾಯಂ. ಹೊಟ್ಟೆ ದಪ್ಪ ಆದ್ಮೇಲೆ ಇಡೋಣ ಅನ್ನೋದು ಬೇಡ, ಆ ಹೊತ್ತಿಗೆ ಹೊಸ ಸಾಮಾನು ನೋಡಿದ್ರೇ ಗಾಬರಿ ಬೀಳ್ತಾಳೆ.

ಮೊಟ್ಟೆ ಹೊತ್ತಿದ್ದಾಳೆ ಅಂತ ಮೈಬಣ್ಣವೇ ಹೇಳುತ್ತೆ: ಕಡು ಹಸಿರು ಮೈ, ಅದರ ಮೇಲೆ ಹಳದಿ, ನೀಲಿ ಚುಕ್ಕೆ. ಪಕ್ಕೆ ಉಬ್ಬುತ್ತೆ. ಆಮೇಲೆ ಊಟ ಕಮ್ಮಿಯಾಗಿ ನಿಲ್ಲುತ್ತೆ, ನೀರು ಮಾತ್ರ ಕುಡೀತಾಳೆ, ಕೊಂಬೆ ಬಿಟ್ಟು ಗೂಡಿನ ತಳದಲ್ಲಿ ಆ ಮೂಲೆಯಿಂದ ಈ ಮೂಲೆಗೆ ಓಡಾಡ್ತಾಳೆ. ಇದು ಕಾಯಿಲೆ ಅಲ್ಲ, ಜಾಗ ಹುಡುಕ್ತಿದ್ದಾಳೆ. ಗೂಡಿನ ಮುಂದೆ ಒಂದು ಬಟ್ಟೆ ಇಳಿಬಿಟ್ಟು ದೂರ ಹೋಗಿ. ಅಗೆಯುವಾಗ ನಿಮ್ಮ ಮುಖ ಕಂಡ್ರೆ ಸಾಕು, ಗುಂಡಿ ಅಲ್ಲೇ ಬಿಟ್ಟು ಬರ್ತಾಳೆ, ಮೊಟ್ಟೆ ಹೊಟ್ಟೆಯಲ್ಲೇ ಉಳಿಯುತ್ತೆ. ಆದ್ದರಿಂದಲೇ ಈ ಭಾಗದಲ್ಲಿ ಫುಟೇಜ್ ಇಲ್ಲ, ಬರೀ ಪರದೆ ಬಟ್ಟೆ ನೋಡ್ತಿದ್ದೀರಿ. ತಳದ ತನಕ ತೋಡಿ, ತಿರುಗಿ ಕೂತು, ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಒತ್ತಿ ಬರೋಕೆ ಕೆಲವು ಗಂಟೆಯೂ ಆಗಬಹುದು, ರಾತ್ರಿ ಕಳೆದು ಬೆಳಗೂ ಆಗಬಹುದು. ಒಳಗೇ ಮಲಗಿದ್ರೆ ಎಬ್ಬಿಸಬೇಡಿ.

ಈಗ ಭಯಪಡಬೇಕಾದ ಚಿತ್ರ. ಎರಡು ಮೂರು ಕಡೆ ಅಗೆದು ಏನೂ ಇಡದೆ ಸುಮ್ಮನಾಗೋದು. ನಾಲ್ಕೈದು ಇಟ್ಟು ನಿಲ್ಲಿಸೋದು. ಹಗಲಲ್ಲೇ ತಳದಲ್ಲಿ ಕಣ್ಣು ಮುಚ್ಚಿ ಕೂರೋದು, ಗೋಪುರದ ಹಾಗೆ ಉಬ್ಬಿರೋ ಕಣ್ಣು ಒಳಗೆ ಕುಸಿಯೋದು, ಕಾಲಲ್ಲಿ ಹಿಡಿತ ಇಲ್ಲದೆ ಜೋಲೋದು. ಇದು ಮೊಟ್ಟೆ ಸಿಕ್ಕಿಕೊಂಡಿರೋ ಲಕ್ಷಣ. ನಾಳೆ ನೋಡೋಣ ಅನ್ನೋಕೆ ಇಲ್ಲಿ ಜಾಗ ಇಲ್ಲ, ಅದೇ ದಿನ ಸರೀಸೃಪ ನೋಡೋ ವೆಟ್, ಅಂದ್ರೆ ಪಶುವೈದ್ಯರ ಹತ್ರ ಹೋಗಬೇಕು. ಎಕ್ಸ್‌ರೇ ಅಥವಾ ಸ್ಕ್ಯಾನ್ ತೆಗೀತಾರೆ, ರಕ್ತದಲ್ಲಿ ಕ್ಯಾಲ್ಸಿಯಂ ನೋಡ್ತಾರೆ. ಮೊದಲು ದ್ರವ, ಬೆಚ್ಚಗಿಡೋದು, ಕ್ಯಾಲ್ಸಿಯಂ. ಅಡ್ಡ ಏನೂ ಸಿಕ್ಕಿಲ್ಲ ಅಂತ ಖಚಿತ ಆದ್ಮೇಲಷ್ಟೇ ಆಕ್ಸಿಟೋಸಿನ್, ಅಂದ್ರೆ ಮೊಟ್ಟೆ ಹೊರಗೆ ತಳ್ಳಿಸೋ ಹಾರ್ಮೋನ್ ಇಂಜೆಕ್ಷನ್. ಹಲ್ಲಿ ಜಾತಿಗಳಲ್ಲಿ ಅದು ಆಮೆಗಳಲ್ಲಿ ಕೆಲಸ ಮಾಡಿದಷ್ಟು ಮಾಡಲ್ಲ, ಆದ್ದರಿಂದ ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿ ಅಂತ ಹಟ ಹಿಡೀಬೇಡಿ. ಅದೂ ಆಗಲಿಲ್ಲ ಅಂದ್ರೆ ಆಪರೇಷನ್, ಅಂಡಾಶಯ ಮತ್ತೆ ಅಂಡನಾಳ ತೆಗೆಯೋದು. ಬಿಲ್ಲು ಸಾವಿರ ಡಾಲರ್ ದಾಟಬಹುದು. ಮರಳಿನ ಮೂಟೆ ಬೆಲೆ ಹೇಳಿದ್ದೆ ಅಲ್ವಾ. ಇನ್ನೊಂದು: ಹೊಟ್ಟೆ ಒತ್ತಿ ಮೊಟ್ಟೆ ಹೊರಗೆ ತಳ್ಳೋ ಪ್ರಯತ್ನ ಯಾವತ್ತೂ ಮಾಡಬೇಡಿ. ಒಳಗೇ ಒಡೆದ್ರೆ ಸೋಂಕು, ಆಮೇಲೆ ಉಳಿಯೋದು ಕಷ್ಟ.

ಮೊಟ್ಟೆ ಸಂಖ್ಯೆ ನಮ್ಮ ಕೈಲೇ ಇದೆ, ಇದನ್ನ ಬಹಳ ಜನ ನಂಬಲ್ಲ. ಬಿಸಿ ಜಾಸ್ತಿ, ಊಟ ಜಾಸ್ತಿ ಇದ್ರೆ ಒಂದೇ ಕಂತಿಗೆ ಅರವತ್ತು, ಎಂಬತ್ತು. ಬೆಳೆದ ಹೆಣ್ಣಿಗೆ ಒಂದು ದಿನ ಬಿಟ್ಟು ಒಂದು ದಿನ ಮೂರು ನಾಲ್ಕು ಹುಳ ಸಾಕು. ಬಿಸಿಲು ಕಾಯೋ ಕೊಂಬೆ 27 ಡಿಗ್ರಿ ಸೆಲ್ಸಿಯಸ್, ಫ್ಯಾರನ್‌ಹೀಟ್‌ನಲ್ಲಿ ಸುಮಾರು 80. ಅಷ್ಟು ಇಳಿಸಿದ್ರೆ ಕಂತು ಚಿಕ್ಕದಾಗುತ್ತೆ, ಅಂತರ ಜಾಸ್ತಿಯಾಗುತ್ತೆ, ಕೆಲವರು ಇಡೋದನ್ನೇ ನಿಲ್ಲಿಸ್ತಾರೆ. ಪಾಪ, ಹಸಿದಿದೆ, ನೋಡ್ತಾ ಇದೆ ಅಂತ ಕರಗಬೇಡಿ. ಅದು ಯಾವಾಗಲೂ ಹಾಗೇ ನೋಡುತ್ತೆ. ಮೊಟ್ಟೆ ಇಟ್ಟ ಮೇಲಿನ ಕೆಲವು ದಿನ ಮಾತ್ರ ಧಾರಾಳವಾಗಿ ಕೊಡಿ, ನೀರು ಉದ್ದಕ್ಕೂ ಸಿಂಪಡಿಸಿ, ಆಮೇಲೆ ಮತ್ತೆ ಹಳೇ ಅಳತೆ.

ಈಗ ಮೇಜಿನ ಮೇಲಿರೋದು ಅಂಗಡಿಯಲ್ಲಿ ‘ಸ್ಟಾರ್ಟರ್ ಕಿಟ್’ ಅಂತ ಮಾರೋ ಡಬ್ಬ. ಸ್ವಲ್ಪ ಹೊತ್ತು ಇದನ್ನೇ ಬೈಯ್ತೀನಿ, ಸಹಿಸ್ಕೊಳ್ಳಿ. ಮೊದಲನೇದು ಈ ಸುರುಳಿ ಬಲ್ಬು. ಯುವಿಬಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ, ಅಂದ್ರೆ ಸುಣ್ಣ ಮೈಗೆ ಹತ್ತೋಕೆ ಬೇಕಾದ ಬಿಸಿಲಿನ ಕಿರಣ. ಬೆಳಕು ಒಂದು ಚಿಕ್ಕ ವೃತ್ತಕ್ಕೆ ಬೀಳುತ್ತೆ, ನಾಲ್ಕಡಿ ಗೂಡಿಗೆ ಎಲ್ಲಿ ಸಾಲುತ್ತೆ? ಬೇಕಾದದ್ದು ಉದ್ದನೆಯ ಟಿ5 ಹೈ ಔಟ್‌ಪುಟ್ ಟ್ಯೂಬು, ಯುವಿಬಿ 5 ಅಥವಾ 6 ಪರ್ಸೆಂಟಿನದು, ಗೂಡಿನ ಮೇಲಿನ ಜಾಲರಿ ಮೇಲೆ ಇಟ್ರೆ ಕೊಂಬೆ ಮೇಲಿನ ಬೆನ್ನಿಗೂ ಟ್ಯೂಬಿಗೂ ಎಂಟು ಒಂಬತ್ತು ಇಂಚು. ಎರಡನೇದು ಈ ಕೆಂಪು ಬಲ್ಬು, ರಾತ್ರಿಗಂತೆ. ರಾತ್ರಿ ಕತ್ತಲು ಬೇಕು, ತಂಪು ಬೇಕು, 20 ಡಿಗ್ರಿ ಒಳಗೆ ಇಳಿದ್ರೂ ಚೆನ್ನಾಗಿ ನಿದ್ದೆ ಮಾಡ್ತಾಳೆ. ಇದನ್ನ ಕಸಕ್ಕೆ ಹಾಕಿ. ಮೂರನೇದು ನೀರಿನ ತಟ್ಟೆ. ನಿಂತ ನೀರನ್ನ ಇವರು ಹೆಚ್ಚಾಗಿ ಗುರುತೇ ಹಿಡಿಯಲ್ಲ, ಎಲೆ ಮೇಲಿನ ಹನಿ ನೆಕ್ಕಿ ಕುಡೀತಾರೆ. ನಾಲ್ಕನೇದು ವಿಟಮಿನ್ ಡಿ3 ಬೆರೆಸಿದ ಕ್ಯಾಲ್ಸಿಯಂ ಪುಡಿ, ‘ದಿನಾ ಬಳಸಿ’ ಅಂತ ಚೀಟಿ. ದಿನಾ ಬಳಸಿದ್ರೆ ಡಿ3 ಮೈಯಲ್ಲಿ ಶೇಖರ ಆಗಿ, ಎಲುಬಿಗೆ ಹೋಗಬೇಕಾದ ಸುಣ್ಣ ಮೂತ್ರಪಿಂಡ, ರಕ್ತನಾಳದಲ್ಲೆಲ್ಲಾ ಕೂರುತ್ತೆ. ನಾಲ್ಕರಲ್ಲಿ ಒಂದೂ ಉಪಯೋಗಕ್ಕೆ ಬರಲ್ಲ, ದುಡ್ಡು ಮಾತ್ರ ಪ್ರಾಣಿಯ ಬೆಲೆಗೆ ಸಮ. ಮರಳಿನ ಡಬ್ಬಿ? ಕಿಟ್‌ನಲ್ಲಿ ಅದರ ಸುದ್ದಿಯೇ ಇಲ್ಲ!

ಯುವಿ ಬೆಳಕು ಅಳೆಯೋ ಮೀಟರ್ ಬೇಕಾ ಅಂದ್ರೆ ಬೇಡ, ಇನ್ನೂರು ಡಾಲರ್ ಮೇಲೆ ಆಗುತ್ತೆ, ದಂಡ. ಆದ್ರೆ... ಜಾಲರಿ ಒಂದೊಂದು ಒಂದೊಂದು ಥರ, ಯುವಿಬಿಯನ್ನ ಮೂರನೇ ಒಂದು ಪಾಲಿನಷ್ಟು ತಡೆಯೋವು ಇವೆ. ಟ್ಯೂಬು ಉರೀತಾ ಇದ್ರೂ ಯುವಿಬಿ ಸತ್ತಿರುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಹಾಗಾಗಿ ತಗೊಳ್ಳಿ. ಇಲ್ಲ, ತಗೊಂಡವರ ಹತ್ರ ಒಂದು ದಿನಕ್ಕೆ ಕೇಳಿ. ಕೊಂಬೆ ಮೇಲೆ ಯುವಿ ಸೂಚ್ಯಂಕ 3 ಬಂದ್ರೆ ಸರಿ. ಮೀಟರ್ ಇಲ್ಲದವರು ವರ್ಷಕ್ಕೊಂದು ಸಲ ಟ್ಯೂಬು ಬದಲಿಸಿ. ಕಿಟಕಿ ಗಾಜಿನಿಂದ ಬರೋ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿ ಬಿಡಲ್ಲ.

ಬೆಳಕು ತಪ್ಪಿದ್ರೆ ಏನಾಗುತ್ತೆ ಅನ್ನೋದು ಈ ಫೋಟೋದಲ್ಲಿದೆ. ಮುಂಗಾಲು ಮೊಣಕೈ ಹತ್ರ ಬಿಲ್ಲಿನ ಹಾಗೆ ಬಾಗಿದೆ. ದವಡೆ ಮೆತ್ತಗೆ, ನಾಲಿಗೆ ಹುಳದ ತನಕ ಹೋಗಲ್ಲ, ಕೊಂಬೆ ಹಿಡಿಯೋ ಬದಲು ಮೊಣಕೈ ಮೇಲೆ ತೆವಳ್ತಾ ಇದೆ. ಎಲುಬು ಸವೆಯೋ ಕಾಯಿಲೆ. ಬಾಗಿದ ಎಲುಬು ಮತ್ತೆ ನೆಟ್ಟಗಾಗಲ್ಲ, ಇನ್ನಷ್ಟು ಹದಗೆಡೋದನ್ನ ಮಾತ್ರ ತಡೀಬಹುದು. ದ್ರವ ಕ್ಯಾಲ್ಸಿಯಂ ಎಷ್ಟು ಅಂತ ತೂಕ ನೋಡಿ ವೆಟ್ ಹೇಳಬೇಕು. ಮನೆಯಲ್ಲಿ ನೀವು ಮಾಡೋದು: ಟ್ಯೂಬು ಸರಿ ಮಾಡಿ, ಕೊಂಬೆಗಳನ್ನ ಕೆಳಗಿಳಿಸಿ, ಬಿದ್ರೆ ಪೆಟ್ಟಾಗದ ಹಾಗೆ ತಳಕ್ಕೆ ಬಟ್ಟೆ ಹಾಕಿ. ಟ್ಯೂಬನ್ನೂ ಅದೇ ಲೆಕ್ಕದಲ್ಲಿ ಕೆಳಗಿಳಿಸೋದು ಮರೀಬೇಡಿ. ದಿನದ ಊಟದ ಹುಳಕ್ಕೆ ಡಿ3 ಇಲ್ಲದ ಕ್ಯಾಲ್ಸಿಯಂ ತೆಳ್ಳಗೆ ಸವರಿ, ತಿಂಗಳಿಗೆ ಎರಡೇ ಸಲ ಡಿ3 ಮತ್ತು ವಿಟಮಿನ್ ಎ ಇರೋ ಮಲ್ಟಿವಿಟಮಿನ್. ಕ್ರಿಕೆಟ್ ಹುಳ, ಡೂಬಿಯಾ ಜಿರಳೆ ಯಾವುದಾದ್ರೂ ಆಗಲಿ, ಹಿಂದಿನ ದಿನ ಅದಕ್ಕೆ ಸಾಸಿವೆ ಸೊಪ್ಪು, ಕುಂಬಳಕಾಯಿ, ಕ್ಯಾರೆಟ್ ತಿನ್ನಿಸಿ. ಪಾಲಕ್ ಬೇಡ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಹಿಡ್ಕೊಳ್ಳುತ್ತೆ.

ಅಂದಹಾಗೆ, ಊರಿಂದ ನೋಡ್ತಿರೋರಿಗೆ: ನಮ್ಮ ಬೇಲಿ ಮೇಲೆ ಸಿಗೋ ಗೋಸುಂಬೆ ಬೇರೆ ಜಾತಿ, ಕಮೀಲಿಯೋ ಜೈಲಾನಿಕಸ್. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ, ಮನೆಗೆ ತರೋ ಹಾಗಿಲ್ಲ. ರಸ್ತೆ ದಾಟ್ತಿದ್ರೆ ದಾಟಿಸಿ ಬಿಡಿ, ಅಷ್ಟೇ. ಇಲ್ಲಿ ಅಮೆರಿಕದಲ್ಲೂ ಎಲ್ಲಾ ಕಡೆ ಸಲೀಸಿಲ್ಲ, ಹವಾಯಿಯಲ್ಲಿ ವೇಲ್ಡ್ ಸಾಕೋದೇ ಅಪರಾಧ, ತಪ್ಪಿಸಿಕೊಂಡವು ಅಲ್ಲಿ ಕಾಡಲ್ಲಿ ಸಂಸಾರ ಹೂಡಿವೆ. ಅಯ್ಯೋ, ಶಾಟ್ ಮುಗೀತಾ ಬಂತು, ಕಣ್ಣಿಗೆ ಬರೋಣ.

ಹಗಲಲ್ಲಿ ಗೋಸುಂಬೆ ಕಣ್ಣು ಮುಚ್ಚಿದ್ರೆ ನಿದ್ದೆ ಅಲ್ಲ, ಕಾಯಿಲೆ. ಒಂದೇ ಕಣ್ಣು ಮುಚ್ಚಿದ್ರೆ ಕಸ ಅಥವಾ ಗಾಯ ಇರಬಹುದು, ಉಗುರು ಬೆಚ್ಚಗಿನ ನೀರನ್ನ ಮಂಜಿನ ಹಾಗೆ ಹತ್ತು ನಿಮಿಷ ಬಿಡಿ. ಕಣ್ಣು ಉಬ್ಬಿಸಿ ತಿರುಗಿಸಿ ತಾನೇ ತೊಳ್ಕೊಳ್ಳುತ್ತೆ, ನೋಡಿ ಹೀಗೆ. ಮಾರನೇ ದಿನವೂ ಮುಚ್ಚೇ ಇದ್ರೆ ವೆಟ್. ಎರಡೂ ಮುಚ್ಚಿದ್ರೆ ಮೈಯಲ್ಲೇ ಏನೋ ಇದೆ: ನೀರಿನ ಕೊರತೆ, ವಿಟಮಿನ್ ಎ ಕೊರತೆ, ಸೋಂಕು. ವಿಟಮಿನ್ ಎ ಹನಿ ತಂದು ನೀವೇ ಸುರೀಬೇಡಿ, ಜಾಸ್ತಿಯಾದ್ರೆ ವಿಷ.

ಉಸಿರಿನ ಸೋಂಕು ಶಬ್ದದಲ್ಲಿ ಸಿಗುತ್ತೆ. ಮೂತಿ ಮೇಲೆತ್ತಿ, ಬಾಯಿ ತೆರೆದು, ಚಟ್ ಚಟ್ ಅಂತ ಸದ್ದು, ಬಾಯಂಚಲ್ಲಿ ಗುಳ್ಳೆ. ಬಿಸಿ ಬಲ್ಬಿನ ಕೆಳಗೆ ಬರೀ ಬಾಯಿ ತೆರೆದಿದ್ರೆ ಸೆಕೆ ಇರಬಹುದು, ಬೆಳಗ್ಗೆ ತಂಪಲ್ಲೂ ತೆರೆದಿದ್ರೆ ಸೋಂಕು. ಗಾಳಿಯಾಡದ ಗಾಜಿನ ಪೆಟ್ಟಿಗೆ, ಹಗಲಿಡೀ ಬಿಸಿಯ ಜೊತೆ ಫಾಗರ್, ಅಂದ್ರೆ ಮಂಜು ಬಿಡೋ ಯಂತ್ರ ಓಡಿಸೋದು, ಇವೇ ಸಾಮಾನ್ಯ ಕಾರಣ. ಮಂಜು ರಾತ್ರಿಗೆ ಇಡಿ, ಹಗಲು ಗೂಡು ಒಣಗಲಿ. ಗುಣ ಆಗೋಕೆ ಆಂಟಿಬಯಾಟಿಕ್ ಬೇಕೇ ಬೇಕು.

ನೆತ್ತಿಯ ಕಿರೀಟದ ತುದಿಯಲ್ಲಿ, ಬೆನ್ನ ಮೇಲೆ ತಿಳಿ ಹಸಿರು ಮಚ್ಚೆ ಬಂದು ಆಮೇಲೆ ಕಪ್ಪಾದ್ರೆ ಸುಟ್ಟಗಾಯ, ದೀಪ ಎತ್ತರಿಸಿ, ವೆಟ್‌ಗೆ ತೋರಿಸಿ. ಹಿಂದಿನಿಂದ ಗುಲಾಬಿ ಬಣ್ಣದ ಮಾಂಸ ಹೊರಬಂದಿದ್ರೆ ಒಣಗೋಕೆ ಬಿಡದೆ ಸಕ್ಕರೆ ನೀರಲ್ಲಿ ಅದ್ದಿದ ಬಟ್ಟೆ ಇಟ್ಟು ತಕ್ಷಣ ಓಡಿ.

ವೆಟ್ ಹತ್ರ ಹೋಗುವಾಗ ತಗೊಂಡು ಹೋಗಬೇಕಾದ್ದು: ಗ್ರಾಂ ತೋರಿಸೋ ಅಡುಗೆಮನೆ ತಕ್ಕಡಿಯಲ್ಲಿ ವಾರ ವಾರ ಬರೆದ ತೂಕ, ದೀಪದ ಮತ್ತೆ ಪುಡಿಗಳ ಹೆಸರಿನ ಫೋಟೋ, ಹೊಸ ಹಿಕ್ಕೆ. ಹಿಕ್ಕೆಯ ಜೊತೆ ಬರೋ ಯೂರೇಟ್, ಅಂದ್ರೆ ಗಟ್ಟಿ ಮೂತ್ರ, ಬಿಳಿ ಇದ್ರೆ ನೀರು ಸಾಕಾಗಿದೆ, ಕಿತ್ತಳೆ ಆದ್ರೆ ಸಾಕಾಗಿಲ್ಲ. ಒಣಗದ ಹಾಗೆ ಜಿಪ್ ಕವರಲ್ಲಿ ಹಾಕಿ ಫ್ರಿಜ್ಜಲ್ಲಿಟ್ರೆ ಒಂದು ದಿನ ತಡೆಯುತ್ತೆ, ಕೋಕ್ಸಿಡಿಯಾ ಅನ್ನೋ ಕರುಳಿನ ಪರಾವಲಂಬಿ, ದಾರದ ಹುಳ ಇದೆಯಾ ಅಂತ ನೋಡ್ತಾರೆ. ನಾಯಿ ಬೆಕ್ಕು ಮಾತ್ರ ನೋಡೋರ ಹತ್ರ ಹೋಗಿ ಸಮಯ ಕಳೀಬೇಡಿ. ಸರೀಸೃಪ ವೈದ್ಯರ ಸಂಘ ಒಂದಿದೆ, ಎಆರ್‌ಎವಿ ಅಂತ, ಅದರ ಪಟ್ಟಿಯಲ್ಲಿ ಹತ್ತಿರದವರು ಯಾರು ಅಂತ ಇವತ್ತೇ, ಪ್ರಾಣಿ ಚೆನ್ನಾಗಿರುವಾಗಲೇ, ಹುಡುಕಿ ನಂಬರ್ ಬರೆದಿಟ್ಕೊಳ್ಳಿ. ಮಿಸ್ಟಿಂಗ್ ಶುರುವಾಯ್ತು, ಲೆನ್ಸಿಗೆ ನೀರು ಹೊಡೀತಿದೆ, ಇಲ್ಲಿಗೆ ಕಟ್.